ಹೊರಟವರ ಹಿಂದೆ ನೀರು

ಆ ಹೆಂಗಸಿನ ಕೈಯಲ್ಲಿದ್ದದ್ದು ಬಕೆಟ್ಟೋ ತಂಬಿಗೆಯೋ ನನಗೆ ಗೊತ್ತಿಲ್ಲ. ಅವಳು ಮುದುಕಿಯಾಗಿದ್ದಳು ಎಂದು ಹನ್ನೆರಡು ವರ್ಷ ಹೇಳುತ್ತ ಬಂದಿದ್ದೆ. ಅದೂ ಈಗ ಖಚಿತವಿಲ್ಲ. ಟರ್ಕಿಯ ಅಂಕಾರಾ ನಗರದಲ್ಲಿ ಒಂದು ಬೆಳಿಗ್ಗೆ, ನಾನು ಐದು ದಿನ ಉಳಿದಿದ್ದ ಅತಿಥಿಗೃಹದ ಮುಂದಿನಿಂದ ಟ್ಯಾಕ್ಸಿ ಹೊರಟಾಗ, ಅವಳು ಹಿಂದಿನಿಂದ ರಸ್ತೆಗೆ ನೀರು ಎರಚಿದಳು. ಇಷ್ಟು ನಡೆದಿರಬೇಕು. ನೀರು ಡಾಂಬರಿನ ಮೇಲೆ ಬೆಳ್ಳಗೆ ಹರಡಿದ ಚಿತ್ರವೊಂದು ನನ್ನ ತಲೆಯಲ್ಲಿದೆ. ಆದರೆ ಅದೇ ಚಿತ್ರದಲ್ಲಿ ಹಳದಿ ಟ್ಯಾಕ್ಸಿಯೂ ಪೂರ್ತಿಯಾಗಿ ಕಾಣುತ್ತದೆ. ಒಳಗೆ ಕುಳಿತಿದ್ದವನು ನಾನು. ನನಗೆ ಟ್ಯಾಕ್ಸಿ ಹೊರಗಿನಿಂದ ಹೇಗೆ ಕಂಡಿತು?

ಇಂಥ ಪ್ರಶ್ನೆ ಕೇಳುವುದು ನನ್ನ ಉದ್ಯೋಗದ ಒಂದು ಭಾಗ. ಮಣಿಪಾಲದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಯೊಬ್ಬ ಐದು ಜನರನ್ನು ಮಾತಾಡಿಸಿ ಇಡೀ ಜಿಲ್ಲೆಯ ಬಗ್ಗೆ ತೀರ್ಮಾನ ಬರೆದು ತಂದರೆ ಆ ಹಾಳೆಯನ್ನು ಅಲ್ಲಿಯೇ ಹಿಂದಕ್ಕೆ ಕೊಡುತ್ತೇನೆ. ಆದರೆ ಅಂಕಾರಾದಿಂದ ಬಂದ ವಾರ ಕಾಪುವಿನ ನಮ್ಮ ಹಿರಿಯರ ಮನೆಯ ಜಗಲಿಯಲ್ಲಿ ಕುಳಿತು, ಟರ್ಕಿಯವರು ಎಂಥವರು ಎಂದು ಒಂದು ಗಂಟೆ ಭಾಷಣ ಮಾಡಿದವನೂ ನಾನೇ. ಐದು ದಿನದಲ್ಲಿ ನಾಲ್ಕು ದಿನ ವಿಚಾರ ಸಂಕಿರಣದ ಸಭಾಂಗಣದಲ್ಲಿದ್ದೆ. ಊರು ನೋಡಿದ್ದು ಒಂದು ಮಧ್ಯಾಹ್ನ. ಅದನ್ನು ಜಗಲಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೀರಿನ ವಿಷಯ ಆ ದಿನ ಕೊನೆಗೆ ಬಂತು. ನಗಿಸಲೆಂದೇ ಹೇಳಿದ್ದೆ. ಯಾರೂ ನಗಲಿಲ್ಲ. ನಮ್ಮಲ್ಲಿ ಮನೆಯಿಂದ ಹೊರಟವರ ಬೆನ್ನಿಗೆ ನೀರು ಹಾಕುವುದು ಒಂದೇ ಸಂದರ್ಭದಲ್ಲಿ. ಹೆಣ ಎತ್ತಿಕೊಂಡು ಹೋದ ಮೇಲೆ ಸೆಗಣಿ ನೀರು ಚಿಮುಕಿಸಿ ಜಾಗವನ್ನು ಶುದ್ಧ ಮಾಡುತ್ತೇವೆ. "ಸತ್ತವರ ಹಿಂದೆ ಹಾಕಿದ ಹಾಗೆ" ಎಂಬ ಮಾತು ಆ ಜಗಲಿಯಲ್ಲಿಯೇ ಹುಟ್ಟಿತು. ಹೇಳಿದವಳು ಅಕ್ಕ ಎಂದು ನನ್ನ ನೆನಪು. ಆಮೇಲೆ ಆ ಮಾತನ್ನು ನಾನು ನನ್ನದಾಗಿ ಮಾಡಿಕೊಂಡೆ. ಉಡುಪಿಯ ಮದುವೆ ಹಾಲುಗಳಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕಥೆ ಹೋದಲ್ಲೆಲ್ಲ ಸ್ವಲ್ಪ ಸ್ವಲ್ಪ ಬೆಳೆಯಿತು. ಹೆಂಗಸಿಗೆ ವಯಸ್ಸಾಯಿತು, ಮುಖ ಗಂಟಿಕ್ಕಿತು, ಪಾತ್ರೆ ದೊಡ್ಡದಾಯಿತು.

ಇದರಿಂದ ಯಾರಿಗೂ ನಷ್ಟವಾಗುತ್ತದೆ ಎಂದು ಅನಿಸಿರಲಿಲ್ಲ. ಅಂಕಾರಾದ ಯಾವ ಹೆಂಗಸೂ ಕಾಪುವಿಗೆ ಬಂದು ಕೇಳುವುದಿಲ್ಲವಲ್ಲ.

ಕಳೆದ ವರ್ಷ ಅಕ್ಕನ ಮಗಳು ಕೇಳಿದಳು. ಅವಳು ಮಣಿಪಾಲದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿಯೇ ಒಂದು ಪ್ರಯೋಗಾಲಯದಲ್ಲಿದ್ದಳು. ಕಡಲ ಪಾಚಿಯ ಮೇಲೆ ಪಿಎಚ್.ಡಿ. ಮಾಡಲು ಟರ್ಕಿಯ ಇಜ್ಮಿರ್‌ನ ವಿಶ್ವವಿದ್ಯಾಲಯವೊಂದು ಅವಳನ್ನು ಆರಿಸಿತ್ತು. ನಾಲ್ಕು ವರ್ಷ, ವಿದ್ಯಾರ್ಥಿವೇತನದೊಂದಿಗೆ. ಒಪ್ಪಿಗೆಯನ್ನು ಹತ್ತು ದಿನದೊಳಗೆ ಕಳಿಸಬೇಕಿತ್ತು. ಕಾರ್ಕಳದಲ್ಲಿರುವ ಅಕ್ಕ ಬೇಡ ಎಂದಿದ್ದಳು. ಇಂಗ್ಲೆಂಡ್, ಜರ್ಮನಿ ಯಾವುದಾದರೂ ಆದೀತು, ಟರ್ಕಿ ಬೇಡ.

ಈ ಸೋದರಸೊಸೆ ಅಲೆವೂರಿನ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಮಾತು ಶುರು.

"ಮಾವ, ನಿಮ್ಮಿಂದಾಗಿ ನನ್ನ ಪಿಎಚ್.ಡಿ. ಹೋಗ್ತಾ ಉಂಟು."

"ನಾನೆಂತ ಮಾಡಿದೆ?"

"ನೀರು ಎರಚಿದ್ದು."

"ಎರಚಿದವನು ನಾನಲ್ಲ."

"ಹೇಳಿದವರು ನೀವಲ್ವಾ? ಅಮ್ಮ ಎಂತ ಹೇಳ್ತಾರೆ ಗೊತ್ತುಂಟಾ? 'ಬದುಕಿದ್ದವನ ಹಿಂದೆ ಸೂತಕದ ನೀರು ಹಾಕುವ ಊರಿಗೆ ಹೆಣ್ಣುಮಗಳನ್ನು ಕಳಿಸುವುದಾ? ನಿನ್ನ ಮಾವ ಕಣ್ಣಾರೆ ಕಂಡದ್ದು.' ಒಮ್ಮೆ ಕಾರ್ಕಳಕ್ಕೆ ಬಂದು ಅದು ಸುಳ್ಳು ಅಂತ ಹೇಳಿ."

ಸುಳ್ಳಲ್ಲ, ಖಚಿತವಿಲ್ಲ ಎಂದೆ.

"ಖಚಿತವಿಲ್ಲ ಅಂದರೆ ಅಮ್ಮನಿಗೆ ನಿಜ ಅಂತಲೇ ಕೇಳುವುದು."

ಅದೂ ಸರಿ. ನಮ್ಮ ಕಡೆ ಅಕ್ಕನ ಮಕ್ಕಳ ವಿಷಯದಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಅಳಿಯಕಟ್ಟಿನ ಕಾನೂನು ಹೋಗಿದೆ, ಆ ತೂಕ ಹೋಗಿಲ್ಲ. ಅಂಕಾರಾದಿಂದ ಇಜ್ಮಿರ್‌ಗೆ ಎಷ್ಟು ದೂರ ಎಂದು ನಕಾಶೆ ನೋಡಿದೆ. ನಮ್ಮಲ್ಲಿಂದ ವಿಜಯಪುರದಷ್ಟಿತ್ತು. ಕಾರ್ಕಳದಲ್ಲಿ ಯಾರಿಗೋ ನಾಯಿ ಬೊಗಳಿತೆಂದು ವಿಜಯಪುರಕ್ಕೆ ಹೋಗದೆ ಉಳಿಯುವಂಥ ತರ್ಕ. ಆದರೆ ಆ ತರ್ಕವನ್ನು ಅಕ್ಕನಿಗೆ ಕಲಿಸಿದವನು ನಾನೇ.

ಆ ಸಂಜೆ ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತ ಫೋನಿನಲ್ಲಿ ಹುಡುಕಿದೆ. ಟರ್ಕಿಯಲ್ಲಿ ಪ್ರಯಾಣ ಹೊರಟವರ ಹಿಂದೆ ನೀರು ಹಾಕುವುದು ಶುಭವಂತೆ. ನೀರಿನ ಹಾಗೆ ಸರಾಗವಾಗಿ ಹೋಗಿ, ನೀರಿನ ಹಾಗೆಯೇ ಮರಳಿ ಬಾ ಎಂದು ಅದರ ಅರ್ಥವಂತೆ. ಹನ್ನೆರಡು ವರ್ಷದಲ್ಲಿ ಎರಡು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತು. ನಾಚಿಕೆಯಾಯಿತು, ಅದರ ಬೆನ್ನಿಗೇ ಅನುಮಾನವೂ ಬಂತು. ಇದನ್ನು ಬರೆದವನು ಯಾರು? ನನ್ನಂತೆಯೇ ವಾರಕ್ಕೆಂದು ಹೋಗಿಬಂದ ಪ್ರವಾಸಿ. ಅದೇ ಪುಟದಲ್ಲಿ ಅವನು ಟರ್ಕಿಯವರೆಲ್ಲ ಬೆಕ್ಕುಗಳನ್ನು ದೇವರಂತೆ ಕಾಣುತ್ತಾರೆ, ಪ್ರತಿಯೊಬ್ಬ ಅಂಗಡಿಯವನೂ ಚಹಾ ಕುಡಿಸಿ ಕಂಬಳಿ ಮಾರುತ್ತಾನೆ ಎಂದೂ ಬರೆದಿದ್ದ. ನನಗೆ ಚಹಾ ಸಿಕ್ಕಿತ್ತು, ಕಂಬಳಿ ಯಾರೂ ತೋರಿಸಲಿಲ್ಲ. ನನ್ನ ಒಂದು ಕಥೆಯನ್ನು ಅಳಿಸಲು ಇನ್ನೊಬ್ಬ ಪರದೇಶಿಯ ಕಥೆ ಸಾಕೇ?

ಸೊಸೆಗೆ ಫೋನ್ ಮಾಡಿ ಇದನ್ನೇ ಹೇಳಿದೆ.

"ನಿಮಗೆ ಸಾಕ್ಷಿ ಬೇಕಲ್ವಾ ಮಾವ? ನಮ್ಮ ಹಾಸ್ಟೆಲಿನಲ್ಲಿ ಟರ್ಕಿಯ ಹುಡುಗಿ ಒಬ್ಬಳು ಇದ್ದಾಳೆ. ಆರು ತಿಂಗಳಿಗೆ ಬಂದವಳು. ಕರೆದುಕೊಂಡು ಬರ್ತೇನೆ."

ಒಂದು ಭಾನುವಾರ ನಾವು ಮೂವರೂ ನನ್ನ ಕಾರಿನಲ್ಲಿ ಮಣಿಪಾಲದಿಂದ ಕಾರ್ಕಳಕ್ಕೆ ಹೊರಟೆವು. ಒಪ್ಪಿಗೆ ಕಳಿಸಲು ಉಳಿದಿದ್ದದ್ದು ಮರುದಿನ ಸಂಜೆಯವರೆಗೆ ಮಾತ್ರ. ಟರ್ಕಿಯ ಹುಡುಗಿ ಬುರ್ಸಾ ಎಂಬ ಊರಿನವಳು, ಇಪ್ಪತ್ತಮೂರರ ಆಸುಪಾಸು. ಇಂಗ್ಲಿಷಿನಲ್ಲಿ ನಿಧಾನವಾಗಿ, ಯೋಚಿಸಿ ಮಾತಾಡುತ್ತಿದ್ದಳು. ಹಿರಿಯಡ್ಕ ದಾಟುವವರೆಗೆ ನಾನು ಕುತೂಹಲ ತಡೆದುಕೊಂಡೆ. ಆಮೇಲೆ ಕೇಳಿದೆ: ನಮ್ಮವರು ನಿಮ್ಮ ದೇಶದ ಬಗ್ಗೆ ಏನೇನು ಕೇಳುತ್ತಾರೆ?

ಅವಳು ಬೆರಳು ಮಡಚುತ್ತ ಹೋದಳು. ನಿಮ್ಮಲ್ಲಿ ಒಂಟೆ ಉಂಟಾ? ನೀವು ಅರಬರಾ, ಯುರೋಪಿನವರಾ? ನಿಮ್ಮ ಟಿವಿ ಧಾರಾವಾಹಿಯಲ್ಲಿ ಬರುವಷ್ಟು ಚೆಂದದ ಗಂಡಸರು ನಿಜವಾಗಿ ಇದ್ದಾರಾ? ಹಾಸ್ಟೆಲಿನ ಅಡುಗೆಯವರು ತಮ್ಮ ಬೋಳು ತಲೆ ಮುಟ್ಟಿ ತೋರಿಸಿ, ಟರ್ಕಿಯಲ್ಲಿ ಕೂದಲು ನೆಡಿಸಲು ಎಷ್ಟಾಗುತ್ತದೆ ಎಂದು ಕೇಳಿದ್ದರಂತೆ. ಉಡುಪಿಯ ಒಂದು ವಸ್ತುಪ್ರದರ್ಶನದಲ್ಲಿ ಟರ್ಕಿಯ ಐಸ್‌ಕ್ರೀಮ್ ಎಂಬ ಫಲಕ ಕಂಡು ಖುಷಿಯಿಂದ ಓಡಿದ್ದಳಂತೆ. ಕೆಂಪು ಟೋಪಿ ಹಾಕಿಕೊಂಡು, ಉದ್ದ ಕೋಲಿನ ತುದಿಯಲ್ಲಿ ಕೋನ್ ಕೊಟ್ಟಂತೆ ಮಾಡಿ ಕಿತ್ತುಕೊಳ್ಳುತ್ತಿದ್ದವನು ಅಸ್ಸಾಮಿನವನು. ಇವಳು ಟರ್ಕಿಶ್‌ನಲ್ಲಿ ಮಾತಾಡಿಸಿದ್ದಕ್ಕೆ ಅವನು ಗಾಬರಿಯಾಗಿ ಕೋನನ್ನು ಆಟವಿಲ್ಲದೆ ಕೊಟ್ಟುಬಿಟ್ಟನಂತೆ.

"ಆ ಟೋಪಿ?" ಎಂದೆ.

"ನಮ್ಮಲ್ಲಿ ನನ್ನ ಮುತ್ತಜ್ಜನ ಕಾಲಕ್ಕೇ ಕಾನೂನು ತಂದು ತೆಗೆಸಿದರು. ಈಗ ಹಾಕುವವರು ಐಸ್‌ಕ್ರೀಮ್ ಮಾರುವವರು ಮತ್ತು ಪ್ರವಾಸಿಗಳು."

ಅಕ್ಕನ ಮನೆ ಆನೆಕೆರೆಯ ಹಿಂದಿನ ಬೀದಿಯಲ್ಲಿದೆ. ಎದುರಿನ ಕೋಣೆಯಲ್ಲಿ ಹೊಲಿಗೆ ಯಂತ್ರ; ಊರ ಅರ್ಧದಷ್ಟು ಹೆಂಗಸರ ರವಿಕೆ ಅಲ್ಲಿ ಹೊಲಿದದ್ದು. ನಾವು ಒಳಗೆ ಬಂದಾಗಲೂ ಅವಳು ಯಂತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಾತಾಡಬೇಕಾಗುತ್ತದೆ. ಎದ್ದು ಬಂದವರು ಭಾವ. ಹದಿನೆಂಟು ವರ್ಷ ಗಲ್ಫಿನಲ್ಲಿದ್ದು ಬಂದವರು. ಪಶ್ಚಿಮದ ಕಡೆಯಿಂದ ಯಾರೇ ಬಂದರೂ ಸ್ವಾಗತಿಸುವುದು ತನ್ನ ಕೆಲಸ ಎಂದು ತಿಳಿದವರು. ಬಿಳಿ ಅಂಗಿ ಹಾಕಿ, ತಟ್ಟೆಯಲ್ಲಿ ಖರ್ಜೂರ ಇಟ್ಟು ಸಿದ್ಧವಾಗಿದ್ದರು. ಎದೆಗೆ ಕೈಯಿಟ್ಟು ನಿರರ್ಗಳವಾಗಿ ಅರಬಿಯಲ್ಲಿ ಕುಶಲ ವಿಚಾರಿಸಿದರು.

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಭಾವನ ಮುಖ ನೋಡಿ, ತನಗೆ ಅರಬಿ ಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಸ್ವಲ್ಪವೂ ಇಲ್ಲವಾ?"

"ಸ್ವಲ್ಪವೂ ಇಲ್ಲ. ಅಜ್ಜಿ ಪ್ರಾರ್ಥನೆ ಹೇಳುತ್ತಾಳೆ. ಅರ್ಥ ಅವಳಿಗೂ ಗೊತ್ತಿಲ್ಲ."

"ನಮ್ಮ ಮಂತ್ರದ ಹಾಗೆಯೇ," ಎಂದರು ಭಾವ. ಅವರಿಗೆ ನಿರಾಸೆಯಾದದ್ದು ಖರ್ಜೂರದ ತಟ್ಟೆಯನ್ನು ಇಟ್ಟ ರೀತಿಯಲ್ಲಿ ಗೊತ್ತಾಗುತ್ತಿತ್ತು.

ಯಂತ್ರ ನಿಂತಿತು. ಅಕ್ಕ ಬಾಯಿಯಲ್ಲಿದ್ದ ದಾರ ಕಚ್ಚಿ ತುಂಡರಿಸಿ, ನನ್ನ ಕಡೆ ತಿರುಗಿದಳು.

"ನೀನೆಂತ ಇವಳನ್ನು ಕರೆದುಕೊಂಡು ಬಂದದ್ದು? ಸಾಕ್ಷಿ ಹೇಳಿಸಲಿಕ್ಕಾ?"

ಮನೆಯ ಮಾತು ತುಳು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹುಡುಗಿಗೆ ಅರ್ಥವಾಗಲಿಲ್ಲ, ಆದರೆ ಧಾಟಿ ಅರ್ಥವಾಯಿತು ಎಂದು ಕಾಣುತ್ತದೆ. ಕುರ್ಚಿಯ ಅಂಚಿಗೆ ಸರಿದು ಕುಳಿತಳು.

"ಅಕ್ಕ, ನಾನು ಹೇಳಿದ್ದರಲ್ಲಿ ಎಷ್ಟು ಸರಿ ಅಂತ ನನಗೇ ಗೊತ್ತಿಲ್ಲ," ಎಂದೆ. "ನೀರು ಹಾಕಿದ್ದು ಹೌದೇನೋ. ಸತ್ತವರ ಹಿಂದೆ ಹಾಕಿದ ಹಾಗೆ ಅಂತ ಹೇಳಿದ್ದು ನೀನು."

"ನಾನಾ? ನೀನು ಹೇಳಿದ್ದು ಮಾರಾಯ. ಜಗಲಿಯ ಕಂಬಕ್ಕೆ ಒರಗಿ ಕುಳಿತು, ಹಪ್ಪಳ ತಿಂತಾ."

"ನನಗೆ ನೆನಪಿಲ್ಲ."

"ನಿನಗೆ ಬೇಕಾದ್ದು ಮಾತ್ರ ನೆನಪಿರುವುದು. ಹನ್ನೆರಡು ವರ್ಷ ಊರಿಡೀ ಹೇಳಿಕೊಂಡು ತಿರುಗಿ, ನನ್ನ ಮಗಳು ಹೊರಟಾಗ ಗೊತ್ತಿಲ್ಲ ಅಂತ ಹೇಳಿದರೆ ನಾನು ಯಾವುದನ್ನು ನಂಬುವುದು? ಆಗಿನ ನಿನ್ನನ್ನಾ, ಈಗಿನ ನಿನ್ನನ್ನಾ?"

ಭಾವ ಖರ್ಜೂರ ತಿನ್ನತೊಡಗಿದರು. ಹಪ್ಪಳದ ವಿವರ ನನ್ನನ್ನು ಅಲ್ಲಾಡಿಸಿತ್ತು. ಕಂಬಕ್ಕೆ ಒರಗುವುದು ನನ್ನ ಅಭ್ಯಾಸ. ಮಾತು ನನ್ನದೇ ಇರಬಹುದು. ಅಥವಾ ನನ್ನ ಕಥೆಯ ಹಾಗೆ ಅಕ್ಕನ ನೆನಪೂ ವಿವರ ಸೇರಿಸಿಕೊಂಡು ಬೆಳೆದಿರಬಹುದು.

ಸೊಸೆ ಹುಡುಗಿಗೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದಳು. ಅಂಕಾರಾ, ನೀರು, ನಮ್ಮಲ್ಲಿ ಅದಕ್ಕಿರುವ ಅರ್ಥ, ಎಲ್ಲವನ್ನೂ. ಸತ್ತವರ ಮಾತು ಬಂದಾಗ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. ನಗುತ್ತಾಳೆ ಎಂದು ನಾನು ಹೆದರಿದೆ. ಅವಳು ನಗಲಿಲ್ಲ. ನನ್ನ ಹತ್ತಿರ ಕೇಳಿದಳು:

"ಅವರು ನೀವು ಮತ್ತೆ ಬರಲಿ ಅಂತ ಹಾಕಿದ್ದು. ನೀವು ಮತ್ತೆ ಹೋದಿರಾ?"

ಇಲ್ಲ ಎಂದೆ.

ಅಕ್ಕನಿಗೆ ಸೊಸೆ ತುಳುವಿನಲ್ಲಿ ಹೇಳಿದಳು. ಅಕ್ಕ ಚಾ ಮಾಡಲು ಎದ್ದಳು. ಹುಡುಗಿ ಹಾಲು ಬೇಡ ಎಂದಳು.

"ಜ್ವರ ಉಂಟಾ ಅವಳಿಗೆ?"

"ಅವರಲ್ಲಿ ಎಲ್ಲರೂ ಹಾಲಿಲ್ಲದೆಯೇ ಕುಡಿಯುವುದು ಅಮ್ಮ."

"ದಿನಾ?"

"ದಿನಕ್ಕೆ ಹತ್ತು ಸಲ."

ಅಕ್ಕ ಕಪ್ಪು ಚಾ ತಂದು ಹುಡುಗಿಯ ಎದುರು ಇಟ್ಟು, ಅವಳು ಒಂದು ಗುಟುಕು ಕುಡಿಯುವವರೆಗೆ ನಿಂತಳು. ಆಮೇಲೆ ಪಕ್ಕದಲ್ಲಿ ಕುಳಿತು ಮಗಳಿಗೆ ಹೇಳಿದಳು: "ಕೇಳು. ಇವಳು ಇಲ್ಲಿಗೆ ಹೊರಟಾಗ ಇವಳ ಅಮ್ಮ ನೀರು ಹಾಕಿದ್ದಾಳಾ?"

ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾನು ಪದ್ಧತಿ ಉಂಟೇ ಇಲ್ಲವೇ ಎಂದು ತಲೆ ಕೆಡಿಸಿಕೊಂಡಿದ್ದೆ. ಅಕ್ಕನ ಪ್ರಶ್ನೆ ನೇರ ಆ ಹುಡುಗಿಯ ಅಮ್ಮನ ಹತ್ತಿರ ಹೋಯಿತು.

ಹಾಕಿದ್ದಳಂತೆ. ಮೂರನೆಯ ಮಹಡಿಯ ಬಾಲ್ಕನಿಯಿಂದ ಒಂದು ಜಗ್ಗು ನೀರು. ಅರ್ಧ ನೆಲಕ್ಕೆ ಬಿತ್ತು, ಅರ್ಧ ಕೆಳಮನೆಯವರು ಒಣಗಲು ಹಾಕಿದ್ದ ಬೆಡ್‌ಶೀಟಿಗೆ ಬಿತ್ತು. ಅವರು ಹೊರಗೆ ಬಂದು ಬೈಯತೊಡಗಿದರು. ಸೂಟ್‌ಕೇಸ್ ಕಂಡು, ಹುಡುಗಿ ಎಲ್ಲಿಗೆ ಎಂದು ಕೇಳಿದರು. ಭಾರತ ಎಂದಾಗ ಬೈಗುಳ ನಿಲ್ಲಿಸಿ ತಾವೂ ಒಂದು ಲೋಟ ತಂದು ಹಾಕಿದರು.

"ಭಾರತ ಅಂದರೆ ಅಷ್ಟು ಹೆದರಿಕೆಯಾ?" ಎಂದು ಭಾವ ಕೇಳಿದರು.

ಹುಡುಗಿ ಹೇಳಲೋ ಬೇಡವೋ ಎಂದು ತಡೆದಳು. ಅವಳ ತಾಯಿಯ ತಮ್ಮ ಬಟ್ಟೆ ಗಿರಣಿಯ ಯಂತ್ರಗಳನ್ನು ಜೋಡಿಸುವ ಮೆಕ್ಯಾನಿಕ್. ಒಮ್ಮೆ ಕೆಲಸದ ಮೇಲೆ ಮೂರು ದಿನಕ್ಕೆ ಬೆಂಗಳೂರಿಗೆ ಬಂದಿದ್ದ. ಕಂಪೆನಿಯವರು ಅವನಿಗಾಗಿ ಹೊಸ ಕಾರು ತಂದಿದ್ದರು. ಅವನು ಹತ್ತುವ ಮೊದಲು ಚಾಲಕ ನಾಲ್ಕು ಚಕ್ರಗಳ ಅಡಿಗೆ ನಾಲ್ಕು ಲಿಂಬೆಹಣ್ಣು ಇಟ್ಟು, ಕಾರನ್ನು ಅವುಗಳ ಮೇಲೆ ಹತ್ತಿಸಿದ. ಪರಕೀಯ ಕಾಲಿಟ್ಟರೆ ಮೈಲಿಗೆ, ಅದಕ್ಕೆ ಮಾಟ ಮಾಡಿದರು ಎಂದು ಆ ಮಾಮ ಬುರ್ಸಾದಲ್ಲಿ ಇವತ್ತಿಗೂ ಹೇಳುತ್ತಾನಂತೆ. ಹಬ್ಬದ ಊಟಕ್ಕೆ ಎಲ್ಲರೂ ಸೇರಿದಾಗ ಲಿಂಬೆಯ ಕಥೆ ಬಂದೇ ಬರುತ್ತದಂತೆ. ಲಿಂಬೆಯ ಸಂಖ್ಯೆಯೂ ಹೆಚ್ಚುತ್ತ ಹೋಗಿದೆಯಂತೆ.

ಅಕ್ಕ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಆ ಊರಿನಲ್ಲಿಯೂ ಒಬ್ಬ ಇದ್ದಾನೆ," ಎಂದಳು.

ಭಾವನಿಗೆ ಖರ್ಜೂರ ನೆತ್ತಿಗೆ ಹತ್ತಿತು. ಸೊಸೆ ಅವರ ತಲೆ ತಟ್ಟುತ್ತ ನಗುತ್ತಿದ್ದಳು. ನನಗೆ ಕೋಪ ಬರಬೇಕಿತ್ತು. ನಿಜ ಹೇಳಬೇಕೆಂದರೆ, ಆ ಮೆಕ್ಯಾನಿಕ್ ಮಾಮನನ್ನು ಒಮ್ಮೆ ನೋಡಬೇಕು ಅನಿಸಿತು. ಅವನು ಮೂರು ದಿನ, ನಾನು ಐದು ದಿನ. ಅವನಿಗೆ ಲಿಂಬೆ ಕಂಡದ್ದು ನಿಜ, ನನಗೆ ನೀರು ಕಂಡದ್ದು ಬಹುಶಃ ನಿಜ. ಇಬ್ಬರೂ ನೋಡಿದ್ದನ್ನು ಬಿಟ್ಟು ಉಳಿದದ್ದನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿದ್ದೆವು.

"ಹೊಸ ಕಾರಿಗೆ ನಾವೂ ಲಿಂಬೆ ಇಡುವುದು," ಎಂದಳು ಅಕ್ಕ. "ಕೂತವರಿಗೆ ಒಳ್ಳೆಯದಾಗಲಿಕ್ಕೆ. ಅದನ್ನು ಇವಳು ತನ್ನ ಅಮ್ಮನಿಗೆ ಹೇಳಿದಳಾ?"

"ಹೇಳಿದೆ. ನಂಬಲಿಲ್ಲ," ಎಂದಳು ಹುಡುಗಿ. "ನೀನು ಅಲ್ಲಿದ್ದೀಯ, ನಿನಗೆ ಹಾಗೆ ಹೇಳಿಕೊಟ್ಟಿದ್ದಾರೆ ಅನ್ನುತ್ತಾಳೆ."

"ಮತ್ತೆ ಹೇಗೆ ಒಪ್ಪಿದಳು ಕಳಿಸಲಿಕ್ಕೆ?"

ಸೊಸೆ ಇದನ್ನು ಇಂಗ್ಲಿಷಿಗೆ ತರುವಾಗ ಅವಳ ಸ್ವರ ಸ್ವಲ್ಪ ತಗ್ಗಿತು. ಹುಡುಗಿ ಚಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಒಪ್ಪಲಿಲ್ಲ," ಎಂದಳು. "ಇವತ್ತಿಗೂ ಒಪ್ಪಿಲ್ಲ. ಆದರೂ ನೀರು ಹಾಕಿದಳು."

ಅಕ್ಕ ಎದ್ದು ಯಂತ್ರದ ಹತ್ತಿರ ಹೋದಳು. ಅರ್ಧ ಹೊಲಿದ ರವಿಕೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಸೊಸೆ ನನ್ನನ್ನು ನೋಡಿದಳು. ಮಾತಾಡಬೇಡಿ ಎಂದು ಕಣ್ಣಿನಲ್ಲಿ ಹೇಳಿದಳು.

"ಕೇಳು ಅವಳ ಹತ್ತಿರ," ಎಂದಳು ಅಕ್ಕ ಬೆನ್ನು ಹಾಕಿಕೊಂಡೇ. "ಅಲ್ಲಿ ಚಳಿಗೆ ಕೋಟಿನ ಒಳಗೆ ಲೈನಿಂಗ್ ಯಾವ ಬಟ್ಟೆಯದ್ದು ಹಾಕುವುದು?"

ಹುಡುಗಿಗೆ ಲೈನಿಂಗಿನ ವಿಷಯ ತಿಳಿದಿರಲಿಲ್ಲ. ತಾಯಿಗೆ ಸಂದೇಶ ಕಳಿಸಿದಳು. ಕಾಲು ಗಂಟೆಯಲ್ಲಿ ಬುರ್ಸಾದಿಂದ ಒಂದು ಹಳೆಯ ಕೋಟನ್ನು ಮಗುಚಿ ತೆಗೆದ ಫೋಟೊ ಬಂತು. ಅಕ್ಕ ಕನ್ನಡಕ ಹಾಕಿ, ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಹೊಲಿಗೆ ಚೆನ್ನಾಗಿಲ್ಲ ಎಂದಳು. ಸೊಸೆ ಮರುದಿನ ಬೆಳಿಗ್ಗೆ ಒಪ್ಪಿಗೆ ಕಳಿಸಿದಳು. ಅಕ್ಕ ಹೋಗು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅವಳು ಹೊರಟದ್ದು ಸೆಪ್ಟೆಂಬರಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ. ವಾರದ ಬಗ್ಗೆ ಅನುಮಾನವಿಲ್ಲ. ಮಂಗಳವಾರ ಹೊರಡಬಾರದು ಎಂದು ಅಕ್ಕ, ಟಿಕೆಟ್ ಆ ದಿನದ್ದೇ ಸಿಕ್ಕಿದ್ದು ಎಂದು ಮಗಳು, ಒಂದು ವಾರ ವಾದ ಮಾಡಿದ್ದರು. ಮಂಗಳೂರಿನಿಂದ ಮುಂಬೈ, ಅಲ್ಲಿ ಅರ್ಧ ದಿನ ಕಾದು ಇಸ್ತಾಂಬುಲ್, ಅಲ್ಲಿಂದ ಬುಧವಾರ ರಾತ್ರಿಯ ಬಸ್ಸಿನಲ್ಲಿ ಇಜ್ಮಿರ್. ಕಾರಿಗೆ ಪೆಟ್ಟಿಗೆ ತುಂಬಿಸಿ ಆದ ಮೇಲೆ ಭಾವ ಮೆಲ್ಲಗೆ ಕೇಳಿದರು:

"ನಾವೂ ಒಂದು ಚೊಂಬು ನೀರು ಹಾಕುವನಾ? ಅಲ್ಲಿಗೇ ಹೋಗುವುದಲ್ವಾ."

"ನನ್ನ ಅಂಗಳದಲ್ಲಿ ಬೇಡ," ಎಂದಳು ಅಕ್ಕ. "ಅಲ್ಲಿಂದ ಇಲ್ಲಿಗೆ ಹೊರಡುವಾಗ ಅವರು ಹಾಕಲಿ. ಅದಕ್ಕೆ ಅಡ್ಡಿ ಇಲ್ಲ."

ಕಾರು ಬಿಟ್ಟವನು ನಾನು. ಆದ್ದರಿಂದ ಅಂಗಳದಲ್ಲಿ ಆಮೇಲೆ ಏನಾಯಿತು ಎಂಬುದನ್ನು ಕಂಡಿಲ್ಲ. ಮಂಗಳೂರಿನಿಂದ ಅಲೆವೂರಿಗೆ ಮರಳಿ, ಮರುದಿನ ಸಂಜೆ ಕಾರ್ಕಳಕ್ಕೆ ಹೋದಾಗ ಅಂಗಳದ ತುಂಬ ಹಲಸಿನ ಎಲೆ ಬಿದ್ದಿತ್ತು. ಅಕ್ಕನ ಅಂಗಳದಲ್ಲಿ ಎಲೆ ಕಾಣುವುದು ಅಪರೂಪ. ಹೊರಟವರ ಬೆನ್ನಿಗೆ ಗುಡಿಸಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಗಾಡಿ ತಿರುವು ದಾಟಿದರೆ ಸಾಕು, ಆಮೇಲೆ ಹಿಡಿಸೂಡಿ ಹಿಡಿಯಬಹುದು. ಎಲೆಯ ಬಗ್ಗೆ ಅಕ್ಕನನ್ನು ಕೇಳಿದೆ. ಗಾಳಿ ಜಾಸ್ತಿ ಎಂದಳು.

ಇದನ್ನು ಬರೆಯಲು ಕುಳಿತಾಗ ಎಲೆಯ ನೆನಪಿನ ಮೇಲೆಯೂ ಅನುಮಾನ ಬಂತು. ಇಂಥ ಕಥೆಗೆ ಇಂಥ ಎಲೆ ಬಹಳ ಸರಿಯಾಗಿ ಹೊಂದುತ್ತದೆ. ಹಾಗೆ ಹೊಂದುವುದನ್ನು ನಾನು ನಂಬುವುದಿಲ್ಲ. ಭಾವನನ್ನು ಕೇಳಿದೆ. ಒಂದು ದಿನ ಗುಡಿಸಿರಲಿಲ್ಲವೇನೋ ಎಂದರು, ಅವರಿಗೂ ಖಚಿತವಿಲ್ಲ. ಕೊನೆಗೆ, ಅಲ್ಲಿ ದಿನಾ ಬೆಳಿಗ್ಗೆ ಅಂಗಳ ಗುಡಿಸಲು ಬರುವ ಹೆಂಗಸನ್ನು, ಕಥೆ ಏನೂ ಹೇಳದೆ ಕೇಳಿದೆ. ಮಂಗಳವಾರ ಮತ್ತು ಬುಧವಾರ ಎರಡು ದಿನ ಹಿಡಿಸೂಡಿ ಮುಟ್ಟಬೇಡ, ಆಮೇಲೆ ನಾನೇ ಕರೆಯುತ್ತೇನೆ ಎಂದು ಮನೆಯಮ್ಮ ಹೇಳಿದ್ದರು, ಗುರುವಾರ ಮಧ್ಯಾಹ್ನ ತನ್ನ ಮನೆಗೇ ಬಂದು ಕರೆದರು ಎಂದು ಅವಳು ತಡವರಿಸದೆ ಹೇಳಿದಳು. ಸೊಸೆಯ ಹತ್ತಿರ ಹಳೆಯ ಸಂದೇಶ ತರಿಸಿಕೊಂಡು ನೋಡಿದೆ. ಇಜ್ಮಿರ್‌ನ ಕೋಣೆಯಿಂದ "ತಲುಪಿದೆ" ಎಂದು ಅಮ್ಮನಿಗೆ ಕಳಿಸಿದ್ದು ಗುರುವಾರ, ನಮ್ಮ ಗಂಟೆಯಲ್ಲಿ ಮಧ್ಯಾಹ್ನ ಹನ್ನೆರಡೂ ಹತ್ತು.